ಕೂಸಿನ ಬಾಯಿಗೆ ಜೇನು ಬೇಡ

ಮಾಗೋಡು, 14-3-2006

ಬೀಗಿತ್ತಿ ಬಂಗಾರಮ್ಮನಿಗೆ ಮಂಜಿ ಬರೆಯುವುದು.

ಶುಕ್ರವಾರ ನಿನ್ನ ಮಗಳು ರೋಹಿಣಿ ಕೂಸನ್ನು ಕರೆದುಕೊಂಡು ಬರುತ್ತಾಳೆ. ಕೂಸಿಗೆ ಎಚ್‌ಐವಿ ತಗಲಬಾರದೆಂದು ಹುಟ್ಟಿದ ದಿನವೇ ನರ್ಸಮ್ಮ ಹನಿ ಔಷಧ ಕುಡಿಸಿದ್ದಾಳೆ. ಆರು ತಿಂಗಳು ಎದೆಹಾಲು ಮಾತ್ರ. ಬಜೆ, ಜೇನು, ನೀರು ಏನೂ ಹಾಕಬೇಡ.

ನಾನೇ ಜೇನು ನೆಕ್ಕಿಸಲು ಹೋಗಿದ್ದೆ. ರೋಹಿಣಿ ನನ್ನ ಕೈ ಹಿಡಿದಳು. ಬಾಯಿಗೆ ಬಂದಂತೆ ಬೈದೆ.

"ಎಷ್ಟಾದ್ರೂ ಬೈಯ್ರಿ ಅತ್ತೆ. ಹಾಲಿನ ಜೊತಿಗೆ ಬ್ಯಾರೆ ಏನಾರ ಹೋದ್ರೆ ನನ್ನ ರೋಗ ಕೂಸಿಗೆ ಬರೂದು ಜಾಸ್ತಿ" ಅಂದಳು. ಕೈ ಬಿಡಲಿಲ್ಲ.

ರೋಗ ತಂದು ಕೊಟ್ಟವನು ನನ್ನ ಮಗ. ಅದನ್ನು ಅವಳು ಒಂದು ದಿನವೂ ಆಡಿ ತೋರಿಸಿಲ್ಲ. ಗಟ್ಟಿ ಹುಡುಗಿಯನ್ನು ಹೆತ್ತಿದ್ದೀಯೆ.

ನಿಮ್ಮ ಕೇರಿಯವರು ಜೇನು ತಂದರೆ ರೋಗದ ಸುದ್ದಿ ಎತ್ತಬೇಡ. ಅತ್ತೆ ಹಟಮಾರಿ, ಬೇಡ ಅಂದಿದ್ದಾಳೆ ಎನ್ನು. ಬೈಗುಳ ನನಗೇ ಬೀಳಲಿ.

ಮಂಜಿ