ಬಾಂವಿ ಹೊಲದ ಉತಾರ

ನಿಪ್ಪಾಣಿ
9 ಅಕ್ಟೋಬರ್ 2025, ಗುರುವಾರ

ನನ್ನ ಅವ್ವಾ,

ನಿನ್ನ ಕಾಲಿಗೆ ಬಿದ್ದು ಮನಿಷಾ ಮಾಡುವ ನಮಸ್ಕಾರ. ಫೋನ್ ಬಿಟ್ಟು ಪತ್ರ ಯಾಕ ಬರದಾಳ ಅಂತ ಗಾಬರಿ ಆಗಬ್ಯಾಡ. ಫೋನಿನ್ಯಾಗ ನಿನ್ನ ದನಿ ಕೇಳಿದ್ರ ಅಳು ಬರತೈತಿ, ಕೇಳಬೇಕಾದ್ದು ಬಿಟ್ಟು ಬ್ಯಾರೆ ಏನರ ಮಾತಾಡಿ ಇಟ್ಟುಬಿಡತೇನಿ. ಕನ್ನಡಕ ಹಾಕ್ಕೊಂಡು ನೀನ ಓದು. ಅಣ್ಣನ ಕೈಯಾಗ ಕೊಡಬ್ಯಾಡ.

ನಾವು ಇಲ್ಲೆ ಹೈವೇ ಸನೇಕ ಮೂರು ಗುಂಟೆ ಜಾಗಾ ತಗೊಳ್ಳಾಕತ್ತೇವಿ. ನಿನ್ನ ಅಳಿಯಗ ಜಾಗಾದ್ದೇನೂ ತಿಳಿಯೂದಿಲ್ಲ. ಮಾರಾವ್ರು ಭಾವುಸಾಹೇಬರು ಒಂದು ಕಪ್ ಚಾ ಕುಡಿಸಿದ್ರ ಇವರು ಅಲ್ಲೇ ಸಹಿ ಮಾಡಿ ಬರಾವ್ರು. ಅದಕ್ಕ ನಾನ ಕಲಿಯಾಕ ಕುಂತೆ. ನನ್ನ ಹೊಲಿಗಿ ಮಷೀನಿನ ದುಡ್ಡು ಅವ್ವಾ, ಹದಿಮೂರು ವರ್ಷದ್ದು. ಬಾಜೂಮನಿ ಸಿದರಾಯ ಕಾಕಾ ಸರ್ವೇದಾಗಿದ್ದು ರಿಟೈರ್ ಆದಾವ್ರು. ಮದಲ ಕಾಗದ ಓದಾಕ ಕಲಿ, ಜಾಗಾ ಆಮ್ಯಾಲೆ ನೋಡು ಅಂದ್ರು. ಹೊಲದ ಜಾಗಾ ಮನಿ ಕಟ್ಟಾಕ ಎನ್.ಎ. ಆಗೈತೇನು, ದಾರಿ ಎಷ್ಟು ಫೂಟ್ ಐತಿ, ಎಲ್ಲಾ ವಹಿಯಾಗ ಬರಕೊಂಡೆ. ಎಲ್ಲಾಕ್ಕಿಂತ ಮದಲ ಉತಾರ ನೋಡಬೇಕಂತ, ಜಮೀನು ಯಾರ್‍ಯಾರ ಹೆಸರಿಗೆ ಐತಿ ಅನ್ನೂದು ಅದರಾಗ ಇರತೈತಿ. ಮಾರಾವ್ರಿಗೆ ಅಕ್ಕತಂಗಿ ಅದಾರೇನು, ಅವರು ಸಹಿ ಮಾಡತಾರೇನು ಅಂತ ಮರೀದಂಗ ಕೇಳು, ನಮ್ಮ ಕಡೆ ಮಂದಿ ಮುಗ್ಗರಿಸೂದು ಅಲ್ಲೇ ಅಂದ್ರು. ಭಾವುಸಾಹೇಬರಿಗೆ ಒಬ್ಬಾಕಿ ತಂಗಿ ಅದಾಳ, ಅನುಸೂಯಾ. ಆಕಿ ಹೆಸರೂ ಉತಾರದಾಗ ಐತಿ, ಆದ್ರ ಆಕಿದೇನೂ ತಕರಾರಿಲ್ಲ.

ರೂಢಿ ಆಗಲಿ, ನಿನಗ ಗೊತ್ತಿದ್ದ ಹೊಲದ್ದು ಒಂದು ಉತಾರ ತಗದು ಓದು ಅಂದ್ರು ಕಾಕಾ. ನನಗ ಗೊತ್ತಿದ್ದ ಹೊಲ ಯಾವ್ದು ಅವ್ವಾ? ಶೇಡಬಾಳದ ನಮ್ಮ ಬಾಂವಿ ಹೊಲ. ಅಪ್ಪಾ ತೀರಿಕೊಂಡ ಮ್ಯಾಲೆ ನಿನ್ನ ಹೆಸರು, ಅಣ್ಣನ ಹೆಸರು, ನನ್ನ ಹೆಸರು ಮೂರೂ ಏರಿದ್ದು ಕಣ್ಣಾರೆ ನೋಡೇನಿ. ಮಂಗಳವಾರ ಮೊಬೈಲಿನ್ಯಾಗ ತಗದೆ. ಮಹಾವೀರ ಅಂತ ಅಣ್ಣಂದೊಂದ ಹೆಸರು ಐತಿ. ನಂಬರ್ ತಪ್ಪಿರಬೇಕಂತ ಕಾಕಾರಿಗೆ ತೋರಿಸಿದೆ. ಇಲ್ಲೇ ಬರದೈತಿ ನೋಡು, ನೀನೂ ನಿಮ್ಮವ್ವನೂ ಹಕ್ಕು ಬಿಟ್ಟುಕೊಟ್ಟೀರಲ್ಲ ಮಗಳ, ವರ್ಷದ ಮ್ಯಾಲಾತು ಅಂದ್ರು.

ಹೋದ ವರ್ಷ ಪಂಚಮಿಗೆ ಬಂದಾಗ ಅಣ್ಣ ನಮ್ಮಿಬ್ಬರನ್ನೂ ಕಾರಿನ್ಯಾಗ ಅಥಣಿಗೆ ಕರಕೊಂಡು ಹೋದ, ನೆನಪೈತೇನು? ಪೈಪ್‌ಲೈನ್ ಸಾಲಕ್ಕ ಮನಿಯವರ ಸಹಿ ಬೇಕಂತ ಅಂದಿದ್ದ. ಏನಂತ ಬರದೈತಿ ಅಂತ ನಾ ಕೇಳಿದ್ದಕ್ಕ, ನಿಮ್ಮಣ್ಣಗ ಅನುಕೂಲ ಆಗತೈತಿ, ಮಾಡವಾ ಅಂದಾಕಿ ನೀನು. ಮನಿಗೆ ಬಂದು ಹಸರ ಇರಕಲ್ ಸೀರಿ ಉಡಿಸಿ ಉಡಿ ತುಂಬಿದಿ. ಎಷ್ಟು ಹಿಗ್ಗಿದ್ದೆ! ಓಣಿ ತುಂಬ ತೋರಿಸ್ಕೋಂತ ಅಡ್ಡಾಡಿದೆ, ಹುಚ್ಚಿ.

ಹೊಲ ಹೋತಂತ ಹೊಟ್ಟಿ ಉರದೈತಿ, ಸುಳ್ಳ ಯಾಕ ಹೇಳಲಿ. ಬಾಯಿಬಿಟ್ಟು ಕೇಳಿದ್ರ ಅಣ್ಣಗ ಕೊಡತಿದ್ದೆನೋ ಏನೋ. ನೀ ಒಂದ ಮಾತು ಹೇಳು: ನಿನಗ ಗೊತ್ತಿತ್ತೇನು? ನಿನಗೂ ಮೋಸ ಆಗಿದ್ರ ಇಬ್ಬರೂ ಕೂಡಿ ಅಳೂಣು. ಗೊತ್ತಿದ್ದೂ ಉಡಿ ತುಂಬಿದ್ರ, ನಾ ಯಾರ ಮುಂದ ಹೇಳಲಿ? ಇನ್ನೊಂದು ಹದಿನೈದು ದಿನಕ್ಕ ಭಾವುಬೀಜ, ಅಣ್ಣ ಬರತಾನ. ಅವಗ ಆರತಿ ಎತ್ತಲ್ಯೋ ಬ್ಯಾಡೋ, ನಿನ್ನ ಉತ್ತರ ಬರೂತನಕ ನನಗ ತಿಳಿಯಾಂಗಿಲ್ಲ.

ಬಿ.ಪಿ. ಗುಳಿಗಿ ತಪ್ಪಿಸಬ್ಯಾಡ. ಸಿಟ್ಟಿನ್ಯಾಗ ಬರದೇನಿ ಖರೆ, ಆದ್ರೂ ನಾ ನಿನ್ನ ಮಗಳ.

ನಿನ್ನ
ಮನಿಷಾ

ತಾ.ಕ.: ಮ್ಯಾಲೆ ಒಂದು ಮಾತು ಮುಚ್ಚಿಟ್ಟೇನಿ. ಅನುಸೂಯಾ ಬೀಡಿ ಕಟ್ಟಾಕಿ, ಓದಾಕ ಬರೂದಿಲ್ಲ. ನಿನ್ನೆ ಆಕಿ ಮನಿಗೆ ಹೋಗಿ ಸೀರಿ ಕೊಟ್ಟು ಬಂದೆ. ನಾ ಸಹಿ ಮಾಡೂ ಕಾಗದದಾಗ ಏನೈತ್ರಿ ಅಕ್ಕಾರ ಅಂತ ಕೇಳಿದ್ಲು. ನಿಮ್ಮಣ್ಣಗ ಅನುಕೂಲ ಆಗತೈತಿ ಅಂದೆ. ನಮ್ಮ ಉತಾರ ನೋಡಿದ ಮರುದಿನದ ಮಾತಿದು ಅವ್ವಾ. ಸೋಮವಾರ ರಜಿಸ್ಟ್ರಿ, ಆಕಿನ್ನ ಕರಕೊಂಡು ಹೋಗಾಕ ಕಾರ್ ನಾನ ಹೇಳೇನಿ. ಕೊಟ್ಟದ್ದು ಹೊಸಾ ಸೀರಿ ಅಲ್ಲ. ನೀ ಉಡಿಸಿದ್ದ ಹಸರ ಸೀರಿ.