ಮೇಜಿನ ಮೇಲಿಡದ ಕೈ

ಮಂಗಳವಾರ, ಸಂಜೆ

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ಈಗ ಐದೂವರೆ. ಕಿಟಕಿಯಲ್ಲಿ ಬೆಳಕಿರುವಾಗಲೇ ಬರೆದು ಮುಗಿಸೋಣವೆಂದು ಕೂತಿದ್ದೇನೆ. ಇವತ್ತು ದಿನವಿಡೀ ಶಾಲೆಯ ಬಿಳಿ ಅಂಗಿಗಳಿಗೆ ಕಾಜಾ ಹೊಲಿದೆ. ಊಟಕ್ಕೆ ಏಳುವ ಹೊತ್ತಿಗೆ ಸೂಜಿ ಚುಚ್ಚಿ ಒಂದು ಕಾಲರಿನ ಮೇಲೆ ರಕ್ತದ ಚುಕ್ಕೆ ಬಿತ್ತು. ತಣ್ಣೀರಿನಲ್ಲಿ ಉಜ್ಜಿದೆ, ಹೋಯಿತು. ಮಧ್ಯಾಹ್ನ ನಿಮ್ಮ ಪಕ್ಷದ ಕಾರ್ಯದರ್ಶಿ ಬಂದಿದ್ದರು, ನಮ್ಮ ಗುಬ್ಬಿ ‘ಕಂಬದ ಮಾಮ’ ಎಂದು ಕರೆಯುತ್ತಿದ್ದಳಲ್ಲ, ಅವರೇ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು.

ಅಂಗಡಿಯ ಅಕ್ಕ ಅವರನ್ನು ಕಂಡದ್ದೇ ತಡ, ಶುರು ಮಾಡಿದಳು. ಏನ್ರೀ, ನಿಮ್ಮ ಪಕ್ಷದ ಸಭೆ ಇದ್ರೆ ಇಲ್ಲೇ ಮಾಡ್ಕೊಳ್ಳಿ, ಮಿಷನ್ ಸರಿಸೋದೂ ಬೇಡ, ಎಲ್ಲರೂ ಆರಾಮಾಗಿ ಹಿಡಿಸ್ತೀರಿ ಅಂದಳು. ಅವರು ನಕ್ಕು, ಮುಂದಿನ ಸಲ ಎರಡು ಅಂಗಡಿ ಬೇಕಾಗುತ್ತೆ ಕಣಮ್ಮ, ನೀನೂ ಸೇರ್ತೀಯಲ್ಲ ಅಂದರು. ಅಕ್ಕ ಬಿಡಲಿಲ್ಲ. ಠೇವಣಿ ಕಳ್ಕೊಳ್ಳೋಕೆ ಮನೇಲಿ ನನ್ನ ಗಂಡ ಒಬ್ಬ ಸಾಕು ಅಂದಳು.

ಆಮೇಲೆ ಸ್ಟೂಲಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತು, ದನಿ ತಗ್ಗಿಸಿ ವಿಷಯಕ್ಕೆ ಬಂದರು. ನಾಳೆ ಗುಬ್ಬಿಯ ಕೇಸಿನಲ್ಲಿ ನನ್ನ ಸಾಕ್ಷಿ ಇದೆಯಲ್ಲ, ನಾನು ಬರಲೇಬೇಕು ಅಂತೇನೂ ಇಲ್ಲವಂತೆ. ಹುಷಾರಿಲ್ಲ ಅಂತ ಒಂದು ಮಾತು ಹೇಳಿ ಕಳಿಸಿದರೆ ಸಾಕಂತೆ. ಅದು ಸುಳ್ಳಾಗಲ್ಲ ತಂಗಿ, ಈ ಒಂದು ವರ್ಷದಲ್ಲಿ ನೀನು ಯಾವತ್ತು ಹುಷಾರಾಗಿದ್ದೆ ಹೇಳು ಅಂದರು. ಅವರ ಬಾಯಿಂದ ಬಂದರೂ ಅದು ನಿಮ್ಮದೇ ಮಾತು. ಸುಳ್ಳನ್ನು ಅಷ್ಟು ಮೃದುವಾಗಿ ಒಗೆದು ಒಣಗಿಸುವುದು ನಿಮಗೆ ಮಾತ್ರ ಬರುತ್ತದೆ.

ಟೀ ಕೊಟ್ಟು ಕಳಿಸಿದೆ. ಉತ್ತರ ನಿಮಗೇ ಬರೆಯಬೇಕೆನಿಸಿತು.

ಪಕ್ಷವನ್ನು ಹಂಗಿಸಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಾನು ಅದನ್ನು ನಂಬಿದ್ದೆ, ಬಹುಶಃ ನಿಮಗಿಂತ ಹೆಚ್ಚಾಗಿ. ನಿಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾವ ನಾಯಕನ ಚಿತ್ರವನ್ನೂ ಗೋಡೆಗೆ ಹಾಕಬಾರದೆಂದು ನೀವೇ ನಿಯಮ ಮಾಡಿದಿರಿ; ಹಾಗಾಗಿ ಗೋಡೆಯಲ್ಲಿದ್ದದ್ದು ಕಣ್ಣು ಪರೀಕ್ಷೆಯ ಅಕ್ಷರದ ಹಾಳೆ ಮಾತ್ರ. ಅದರ ಕೆಳಗೆ ಉದ್ದನೆಯ ಮೇಜು. ಕ್ಷೌರಿಕ, ಬಸ್ ಕಂಡಕ್ಟರ್, ಆಸ್ಪತ್ರೆಯ ದಾದಿ, ಕಂಬದ ಮಾಮ, ಎಲ್ಲರೂ ಸುತ್ತ ಕೂರುತ್ತಿದ್ದರು. ಬೇರೆ ಪಕ್ಷಗಳಲ್ಲಿ ಕೈ ಎತ್ತುತ್ತಾರೆ, ಎಣಿಸುತ್ತಾರೆ, ಹೆಚ್ಚಿದ್ದವರು ಗೆಲ್ಲುತ್ತಾರೆ. ನಮ್ಮಲ್ಲಿ ಹಾಗಿರಲಿಲ್ಲ. ಒಪ್ಪಿದವರು ಅಂಗೈಯನ್ನು ಮೇಜಿನ ಮೇಲೆ ಇಡಬೇಕು. ಎಲ್ಲರ ಅಂಗೈ ಮೇಜು ಮುಟ್ಟುವ ತನಕ ಯಾವುದೂ ತೀರ್ಮಾನವಲ್ಲ. ಒಬ್ಬರು ಕೈ ಇಡದಿದ್ದರೂ ಮಿಕ್ಕವರು ಬಾಯಿ ಮುಚ್ಚಿ ಅವರ ಮಾತನ್ನು ಕೊನೆಯವರೆಗೂ ಕೇಳಬೇಕು. ನಡುವೆ ಏಳುವಂತಿಲ್ಲ.

ಸಿಮೆಂಟ್ ವ್ಯಾಪಾರಿ ದೇಣಿಗೆ ಕೊಡುತ್ತೇನೆಂದು ಬಂದಾಗ ಕ್ಷೌರಿಕ ಒಬ್ಬನೇ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದು ನೆನಪಿದೆಯೇ? ಅವನ ದುಡ್ಡಲ್ಲಿ ಪೋಸ್ಟರ್ ಹಾಕ್ಬಹುದು, ಆದ್ರೆ ಅವನ ಗೋಡೆ ಮೇಲೆ ಹಾಕೋಕೆ ಆಗಲ್ಲ ಅಂದಿದ್ದ. ಎಷ್ಟು ಹೊತ್ತು ವಾದ ಮಾಡಿದಿರಿ. ಕೊನೆಗೆ ಒಬ್ಬೊಬ್ಬರಾಗಿ ಕೈ ಹಿಂದೆ ತೆಗೆದಿರಿ, ದೇಣಿಗೆ ಬೇಡವೆಂದಿರಿ. ಆ ದಿನ ನನಗೆ ಎದೆ ತುಂಬಿತ್ತು. ಇಂಥ ಒಂದು ಮೇಜು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಎಂದುಕೊಂಡಿದ್ದೆ. ಇದೆ ಎಂದು ಗುಬ್ಬಿ ಹೇಳುತ್ತಿದ್ದಳು. ಸಮುದ್ರದಾಚೆಯ ಸೋದರ ಪಕ್ಷಗಳಿಂದ ಬರುತ್ತಿದ್ದ ಸುದ್ದಿಯನ್ನು ಅವಳೇ ಅಲ್ಲವೇ ನಮಗೆ ಓದಿ ಹೇಳುತ್ತಿದ್ದದ್ದು. ಒಂದು ದೇಶದಲ್ಲಿ ನಮ್ಮವನೊಬ್ಬ ನಗರಸಭೆಗೆ ಗೆದ್ದ ಮೇಲೂ ಬಸ್ಸು ಓಡಿಸುವುದನ್ನು ಬಿಡಲಿಲ್ಲವಂತೆ. ಇನ್ನೊಂದು ಕಡೆ ನಮ್ಮ ಹೆಂಗಸರು ಸೈನ್ಯದ ಲಾರಿಗಳ ಮುಂದೆ ರಸ್ತೆಯಲ್ಲಿ ಹಾಸಿಗೆ ಹಾಸಿ ಮಲಗಿದರಂತೆ. ಮತ್ತೊಂದು ದೇಶದಲ್ಲಿ ಪಕ್ಷಕ್ಕೆ ಬಿದ್ದ ಓಟಿಗಿಂತ ಸದಸ್ಯರೇ ಹೆಚ್ಚಂತೆ; ಅದನ್ನು ಓದಿ ಅವಳು ನಕ್ಕದ್ದೇ ನಕ್ಕದ್ದು. ಅಪ್ಪಾ, ನಮ್ಮವರೂ ಮನೇಲಿ ಹೆಂಡತಿಗೆ ಹೆದರಿ ಬೇರೆಯವರಿಗೆ ಓಟು ಹಾಕ್ತಾರೆ ಅನ್ಸುತ್ತೆ ಅಂದಳು.

ಆ ಸಭೆಗಳಲ್ಲೆಲ್ಲ ನಾನು ಎಲ್ಲಿದ್ದೆ? ಬಾಗಿಲ ಹತ್ತಿರ, ಟೀ ಟ್ರೇ ಹಿಡಿದು. ಎರಡೂ ಕೈಗಳು ತುಂಬಿದ್ದವು. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ, ಟ್ರೇ ಕೆಳಗಿಡು, ನಿನ್ನ ಕೈ ಎಲ್ಲಿ ಎಂದು ಕೇಳಲಿಲ್ಲ. ನಾನೂ ಅದನ್ನು ದೊಡ್ಡದು ಮಾಡಲಿಲ್ಲ. ದೇಣಿಗೆಯ ಮಾತು, ಮೆರವಣಿಗೆಯ ಮಾತು, ನನ್ನ ಕೈ ಇಲ್ಲದಿದ್ದರೆ ಏನಂತೆ ಎಂದುಕೊಂಡಿದ್ದೆ.

ಗುಬ್ಬಿ ಬಿದ್ದ ಸಂಜೆಯ ಬಗ್ಗೆ ನೀವು ನನ್ನನ್ನು ಸರಿಯಾಗಿ ಕೇಳಲೇ ಇಲ್ಲ. ಕೇಳಲು ಬಂದಾಗ ನಾನು ಅಳುತ್ತಿದ್ದೆ, ನೀವು ಎದ್ದು ಹೋದಿರಿ. ಈಗ ಹೇಳುತ್ತೇನೆ.

ನೀರಿನ ಟ್ಯಾಂಕಿನ ಪಕ್ಕದ ಗೋಡೆ. ಅವಳು ಏಣಿಯ ಮೇಲೆ, ನಾನು ಕೆಳಗೆ ಅಂಟಿನ ಬಕೆಟ್ಟು ಹಿಡಿದು. ಇನ್ನೂ ಬೆಳಕಿತ್ತು, ಮುಖಗಳು ಕಾಣುತ್ತಿದ್ದವು. ಎದುರು ಪಕ್ಷದ ಮೈಕಿನ ವ್ಯಾನು ಬಂದು ನಿಂತಿತು. ಚಾಲಕ ಇಳಿದು, ಈ ಗೋಡೆ ನಮ್ದು, ಕಿತ್ತಾಕು ಅಂದ. ಗುಬ್ಬಿ ಮೇಲಿಂದಲೇ, ಅಣ್ಣಾ, ಗೋಡೆ ನಗರಸಭೇದು, ಅರ್ಧ ನೀವು ತಗೊಳ್ಳಿ, ಬೇಕಾದ್ರೆ ನಮ್ಮ ಅಂಟೂ ತಗೊಳ್ಳಿ ಅಂದಳು. ಹಂಗಿಸಲಿಲ್ಲ, ನಿಜವಾಗಿಯೇ ಅಂದಳು. ಅವಳ ಸ್ವಭಾವವೇ ಹಾಗೆ. ವ್ಯಾನಿನಲ್ಲಿದ್ದ ಇಬ್ಬರು ಅವನನ್ನು ನೋಡಿ ನಕ್ಕರು. ಅವನು ಹತ್ತಿ ಕೂತ. ವ್ಯಾನು ಸ್ವಲ್ಪ ಮುಂದೆ ಹೋಗಿ ನಿಂತಿತು. ಬದಿಯ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಅವನು ಏಣಿಯನ್ನು ನೋಡಿದ, ನನ್ನನ್ನು ನೋಡಿದ. ನಾನು ಬೇಡ ಎಂದು ಕೈಯಾಡಿಸಿದೆ. ಆಮೇಲೆ ವ್ಯಾನು ಹಿಂದಕ್ಕೆ ಬಂತು.

ಏಣಿ ಅಲ್ಲಾಡಿಸಿ ಹೆದರಿಸಲೆಂದೇ ಬಂದನೋ ಏನೋ. ಸಾಯಿಸಬೇಕೆಂದಿದ್ದ ಎಂದು ನಾನು ಹೇಳುವುದಿಲ್ಲ, ಅವನ ಹೊಟ್ಟೆಯೊಳಗೆ ಏನಿತ್ತೋ ನನಗೆ ಗೊತ್ತಿಲ್ಲ. ಆದರೆ ಅವನು ನೋಡಿದ. ನೋಡಿಯೇ ಬಂದ. ಬ್ರೇಕು ಹಿಡಿಯಲಿಲ್ಲ ಎಂದು ಅವನ ವಕೀಲರು ಹೇಳುತ್ತಿದ್ದಾರೆ. ವ್ಯಾನಿನ ಇಬ್ಬರೂ ಹಾಗೆಯೇ ಹೇಳಿದ್ದಾರೆ. ಕನ್ನಡಿಯಲ್ಲಿ ಆ ಮುಖ ಕಂಡವಳು ನಾನೊಬ್ಬಳೇ.

ಆಮೇಲೆ ಆ ಹಿಂದಿನ ಕೋಣೆಯಲ್ಲೇ ಗುಬ್ಬಿಯ ನೆನಪಿನ ಸಭೆ. ಕೂತುಕೋ ಎಂದು ದಾದಿ ಹೇಳಿದಳು, ನನಗೆ ಕೂರಲು ಆಗಲಿಲ್ಲ. ಕೂತರೆ ಏಳಲಾರೆ ಎನಿಸಿ ಟೀ ಮಾಡಲು ಹೋದೆ. ಟ್ರೇ ಹಿಡಿದು ಬಾಗಿಲಿಗೆ ಬರುವಾಗ ನೀವು ಎದ್ದು ನಿಂತಿದ್ದಿರಿ. ನಾನೂ ಅವಳ ತಾಯಿಯೂ ಆ ಚಾಲಕನನ್ನು ಕ್ಷಮಿಸಿದ್ದೇವೆ, ಜೈಲು ಯಾರನ್ನೂ ಮನುಷ್ಯನನ್ನಾಗಿ ಮಾಡಲ್ಲ ಎಂದಿರಿ. ಅಂಗೈ ಮೇಜಿನ ಮೇಲೆ ಇಟ್ಟಿರಿ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಕ್ಷೌರಿಕನೂ ಇಟ್ಟ, ಅಳುತ್ತ ಇಟ್ಟ. ಒಬ್ಬರೂ ಬಾಗಿಲ ಕಡೆ ತಿರುಗಲಿಲ್ಲ. ನಾನು ಲೋಟಗಳನ್ನು ಹಂಚಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಈಗಲೂ ಕೆಲವು ಸಲ ಅದನ್ನು ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಆ ಟ್ರೇಯನ್ನು ಅಲ್ಲೇ ಕೈಬಿಡಬೇಕಿತ್ತು.

ಅಷ್ಟಕ್ಕೇ ನಿಂತಿದ್ದರೆ ಬಹುಶಃ ನುಂಗಿಕೊಳ್ಳುತ್ತಿದ್ದೆ. ಆದರೆ ನಿಮ್ಮ ಮಾತು ಸೋದರ ಪಕ್ಷಗಳ ಪತ್ರಿಕೆಯಲ್ಲಿ ಅಚ್ಚಾಗಿ ದೇಶದೇಶ ಸುತ್ತಿತು. ನಾನು ‘ಕ್ಷಮಿಸಿದ ತಾಯಿ’ ಆದೆ. ಸಮುದ್ರದಾಚೆಯ ಪಕ್ಷದ ಬಿಳಿ ಕೂದಲಿನ ಆ ಸೂಲಗಿತ್ತಿ ಅಷ್ಟು ದೂರದಿಂದ ನನ್ನನ್ನು ನೋಡಲೆಂದೇ ಬಂದರು. ಬಂದವರನ್ನು ಹೋಟೆಲಿನಲ್ಲಿ ಇಳಿಸಬಾರದು, ಸದಸ್ಯರ ಮನೆಯಲ್ಲೇ ಮಲಗಿಸಬೇಕು ಎಂಬುದು ಪಕ್ಷದ ಪದ್ಧತಿ. ಹಾಗಾಗಿ ನೀವು ಅವರಿಗೆ ಗುಬ್ಬಿಯ ಹಾಸಿಗೆ ಕೊಟ್ಟಿರಿ. ಅವರು ಒಳ್ಳೆಯವರು, ಅವರನ್ನು ದೂರುವುದಿಲ್ಲ. ಬೆಳಿಗ್ಗೆ ಎದ್ದು ನನ್ನನ್ನು ತಬ್ಬಿಕೊಂಡು ಏನೋ ಹೇಳಿದರು. ತಮ್ಮ ದೇಶದಲ್ಲಿ ಇಷ್ಟು ದೊಡ್ಡ ಮನಸ್ಸಿನ ತಾಯಿ ಇಲ್ಲ ಅಂತಾರೆ ಎಂದು ದುಭಾಷಿ ಹೇಳಿದ. ರಾತ್ರಿ ಹೊದಿಕೆ ಸಾಲ್ತಾ ಕೇಳಿ ಅಂದೆ. ಅವನು ಅದನ್ನು ಅದೆಷ್ಟು ಉದ್ದ ಮಾಡಿ ಹೇಳಿದನೋ, ಆ ಹೆಂಗಸು ಇನ್ನೊಮ್ಮೆ ತಬ್ಬಿಕೊಂಡು ಅತ್ತರು. ನೀವು ಪಕ್ಕದಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದಿರಿ.

ನಾನು ಮನೆ ಬಿಟ್ಟದ್ದು ಅದಕ್ಕೂ ಅಲ್ಲ. ಚಾಲಕನ ವಕೀಲರಿಗೆ ನೀವು ಬರೆದುಕೊಟ್ಟ ಹೇಳಿಕೆಯಲ್ಲಿ ‘ನಡೆದದ್ದು ಒಂದು ದುರ್ಘಟನೆ’ ಎಂದಿತ್ತು. ಅದನ್ನು ಓದಿದ ದಿನ ಬಟ್ಟೆ ತುಂಬಿಕೊಂಡು ಅಕ್ಕನ ಅಂಗಡಿಯ ಮಹಡಿಗೆ ಬಂದೆ. ನನ್ನದು ಸಣ್ಣ ಓದು, ನೀವು ಹೇಳಿ. ಕ್ಷಮಿಸಬೇಕಾದರೆ ತಪ್ಪು ಇರಬೇಕಲ್ಲವೇ? ತಪ್ಪೇ ಇಲ್ಲ, ಬ್ರೇಕು ಹಿಡಿಯಲಿಲ್ಲ ಅಷ್ಟೇ ಎಂದಾದ ಮೇಲೆ ನೀವು ಕ್ಷಮಿಸಿದ್ದು ಯಾರನ್ನು, ಬ್ರೇಕನ್ನೇ? ಅವನು ಮಾಡಿದ್ದನ್ನು ಪೂರ್ತಿ ಕಣ್ಣಿಟ್ಟು ನೋಡಿ ಆಮೇಲೂ ಕ್ಷಮಿಸಿದ್ದರೆ ನಿಮ್ಮ ಕಾಲು ಮುಟ್ಟುತ್ತಿದ್ದೆ. ನಿಮಗೆ ಅಷ್ಟು ಶಕ್ತಿ ಇರಲಿಲ್ಲ. ಕ್ಷಮಿಸುವುದು ಸುಲಭವಾಗಲೆಂದು ತಪ್ಪನ್ನೇ ಚಿಕ್ಕದು ಮಾಡಿದಿರಿ. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವವರು, ನೋಡದ್ದನ್ನು ಕ್ಷಮಿಸಿದಿರಿ, ನೋಡಿದವಳನ್ನು ಕೇಳದೆ.

ಇವತ್ತು ಕಂಬದ ಮಾಮ ಹೋಗುವಾಗ, ಮುಂದಿನ ತಿಂಗಳು ಸಮಾವೇಶ ಇದೆ ತಂಗಿ, ಎಷ್ಟೋ ದೇಶದವರು ಬರ್ತಾರೆ, ನೀನು ನಾಳೆ ಅಲ್ಲಿ ನಿಂತು ಬೇರೆ ಥರ ಹೇಳಿದ್ರೆ ನಿನ್ನ ಗಂಡ ತನ್ನ ಮುಖ ಎಲ್ಲಿಡ್ತಾನೆ ಅಂದರು. ಅಕ್ಕ ಮಿಷನ್ ನಿಲ್ಲಿಸಿ, ಅವಳ ಮಗಳ ಮುಖ ಎಲ್ಲಿಟ್ಟಿದ್ದೀರಿ, ಅದನ್ನು ಮೊದಲು ಹೇಳಿ ಅಂದಳು. ಅವರು ಎದ್ದು ಹೋದರು. ಪಾಪ, ಹೋಗುವಾಗ ಬಾಗಿಲಿಗೆ ತಲೆ ಬಡಿದುಕೊಂಡರು.

ನನ್ನ ಉತ್ತರ ಇಷ್ಟೇ. ನಾನು ಬರುತ್ತೇನೆ. ಅವನಿಗೆ ಇಷ್ಟು ವರ್ಷ ಜೈಲು ಕೊಡಿ ಎಂದು ಕೇಳುವುದಿಲ್ಲ, ಅದು ನನಗೆ ಬೇಕಿಲ್ಲ. ಕನ್ನಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೆದರಿಸಲೆಂದೇ ಇರಬಹುದು ಎಂಬುದನ್ನೂ ಹೇಳುತ್ತೇನೆ. ಅವನನ್ನು ಒಂದು ದಿನ ಕ್ಷಮಿಸುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅದು ನಾನು ಒಬ್ಬಳೇ ಕೂತು ಮಾಡಬೇಕಾದ ಕೆಲಸ, ನೀವು ಮುಗಿಸಿಕೊಡುವಂಥದ್ದಲ್ಲ. ಸಮಾವೇಶದಲ್ಲಿ ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಒಂದೇ ಒಂದು ಬೇಡಿಕೆ. ಆ ಮೇಜಿನ ನಿಯಮ ನೀವೇ ಮಾಡಿದ್ದು. ಕೈ ಇಡದವರ ಮಾತನ್ನು ಕೊನೆಯವರೆಗೂ ಕೇಳಬೇಕು. ನಾಳೆ ನನ್ನ ಕೈಯಲ್ಲಿ ಟ್ರೇ ಇರುವುದಿಲ್ಲ. ಬಂದು ಕೂತುಕೊಳ್ಳಿ. ನಾನು ಮುಗಿಸುವ ತನಕ ಎದ್ದು ಹೋಗಬೇಡಿ.

ಕಣ್ಣಿನ ಹನಿ ಹೊತ್ತು ಹೊತ್ತಿಗೆ ಹಾಕಿಕೊಳ್ಳಿ. ಊಟ ಬಿಡಬೇಡಿ.

ಇಂತಿ,
ಗುಬ್ಬಿಯ ಅಮ್ಮ

ಮರೆತದ್ದು: ಕಂಬದ ಮಾಮ ಹೋದ ಮೇಲೆ ಒಬ್ಬ ಹೆಂಗಸು ಗಂಡನ ಬಿಳಿ ಅಂಗಿ ತಂದಿದ್ದಳು. ಕಾಲರಿನ ಗುಂಡಿ ಬಿದ್ದುಹೋಗಿತ್ತು. ಗಟ್ಟಿಯಾಗಿ ಹಾಕಮ್ಮ, ಕೋರ್ಟಿಗೆ ಹಾಕ್ಕೊಂಡು ಹೋಗ್ಬೇಕು, ಇರೋದು ಒಂದೇ ಅಂಗಿ ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಕೋರ್ಟಿನ ಜಗಲಿಯಲ್ಲಿ ಚಾಲಕನ ಪಕ್ಕ ಅವಳು ಕೂತದ್ದನ್ನು ನಾನು ನೋಡಿದ್ದೆ. ಅವಳೂ ನನ್ನನ್ನು ನೋಡಿದ್ದಳು. ಅಂಗಿಯನ್ನು ವಾಪಸ್ ಎಳೆದುಕೊಳ್ಳಲು ಕೈ ಚಾಚಿದಳು. ನಾನು ಕೊಡಲಿಲ್ಲ. ಎರಡೆಳೆ ದಾರದಲ್ಲಿ ಗುಂಡಿ ಹಾಕಿ, ಮಡಚಿ ಕೊಟ್ಟೆ. ನಾಳೆ ಅವನು ಅದನ್ನೇ ಹಾಕಿಕೊಂಡು ಬರುತ್ತಾನೆ. ಕೋರ್ಟು ಹತ್ತೂವರೆಗೆ.