ಮೂರು ಚುಕ್ಕಿಯ ಕ್ಯಾಪು

೧೭ ನವೆಂಬರ್ ೧೯೯೪, ಗುರುವಾರ. ಪಾಂಡವಪುರ.

ಕ್ಯಾತನಹಳ್ಳಿ ಚಲುವರಾಜನಿಗೆ ಬೆಳಿಗ್ಗೆ ಬೈದದ್ದು ಇನ್ನೂ ಚುಚ್ಚುತ್ತಿದೆ. ಅವನ ಅಪ್ಪನ ಕಾಲದ ಬೆಡ್‌ಫೋರ್ಡ್ ಲಾರಿಯ ಇಂಜಿನ್ ಜೋಡಿಸುತ್ತಿದ್ದೆ. ಬೇರಿಂಗುಗಳನ್ನು ಹಿಡಿದಿಡುವ ಕ್ಯಾಪುಗಳಲ್ಲಿ ಎರಡನೆಯದನ್ನು ಬಿಗಿದೊಡನೆ, ಅಲ್ಲಿಯವರೆಗೆ ಕೈಯಲ್ಲೇ ತಿರುಗುತ್ತಿದ್ದ ಕ್ರ್ಯಾಂಕು ಕಚ್ಚಿಕೊಂಡಿತು.

"ಎಂಥಾ ಬೇರಿಂಗ್ ಆರಿಸ್ಕೊಂಡು ಬಂದಿದ್ದೀಯ್ಲಾ, ಬದ್ಲಾಯಿಸ್ಕೊಂಡು ಬಾ ಓಗು" ಎಂದು ಬಿಚ್ಚಿಕೊಟ್ಟು ಮೈಸೂರಿಗೆ ಅಟ್ಟಿದೆ.

ಅವನ ಬಸ್ಸು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಆ ಕ್ಯಾಪು ಒರೆಸುತ್ತಿದ್ದೆ. ಅದರ ಮೇಲೆ ಮೂರು ಚುಕ್ಕಿ. ಎರಡನೆಯ ಜಾಗಕ್ಕೆ ಮೂರನೆಯದನ್ನು ಕೂರಿಸಿದ್ದೆ; ಕ್ರ್ಯಾಂಕು ಕಚ್ಚಿದ್ದು ಅದಕ್ಕೇ, ಬೇರಿಂಗಿನಿಂದಲ್ಲ. ಅದಲುಬದಲಾಗದಿರಲಿ ಎಂದು ಆ ಚುಕ್ಕಿ ಹೊಡೆದವನೂ ನಾನೇ.

ಸಂಜೆ ಅವನು ಅಂಗಡಿಯವನ ಜೊತೆ ಜಗಳವಾಡಿ ಬೇರೆ ಬೇರಿಂಗು ತಂದ. ಕ್ಯಾಪುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ ಬಿಗಿದೆ. ಕ್ರ್ಯಾಂಕು ಸಲೀಸಾಗಿ ತಿರುಗಿತು.

"ನೀನು ಏಳಿದ್ದೇ ಸರಿ ಕಣಣ್ಣ, ಮೊದ್ಲು ತಂದಿದ್ವೇ ಸರಿ ಇರ್ನಿಲ್ಲ" ಎಂದ. ನಾನು ಕೈ ಒರೆಸಿಕೊಂಡು ಸ್ಪ್ಯಾನರ್‌ಗಳನ್ನು ಎತ್ತಿಟ್ಟೆ.

ನಾಳೆ ಅವನು ಬಂದೊಡನೆ ಹೇಳಿಬಿಡುತ್ತೇನೆ. ಅಂಗಡಿಯವನಿಗೂ ನಾನೇ ಹೋಗಿ ಹೇಳುತ್ತೇನೆ. ಇಂಜಿನ್ ಸ್ಟಾರ್ಟ್ ಮಾಡುವ ಭಾನುವಾರದವರೆಗೆ ಕಾಯಬಾರದು. ಅದು ಒಮ್ಮೆ ಸ್ಟಾರ್ಟ್ ಆಗಿಬಿಟ್ಟರೆ ಆ ಖುಷಿಯಲ್ಲಿ ಯಾರೂ ಏನೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.